ಲಗ್ಝುರಿ ಟ್ಯಾಕ್ಸ್ ಅಂತೆ, ಏನೂ ಮಾಡೋಕಾಗಲ್ಲವಂತೆ!

2025ರ ಗಣೇಶ ಹಬ್ಬ. ಡೊಂಬಿವಲಿಯಲ್ಲಿ ನಾವು ಕನ್ನಡದವರು ಸೇರಿ ಇಡುವ ಗಣಪತಿಯ ಮುಂದೆ ಪ್ರಸಾದದ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಹಸಿರು ಜೆರ್ಸಿ ಹಾಕಿದ್ದ. ಬೆನ್ನ ಮೇಲೆ ‘ಹಾಲಿಡೇ’ ಅಂತ ಹೆಸರು. ಬಾಸ್ಟನ್ ಸೆಲ್ಟಿಕ್ಸ್ ತಂಡದ ಜೆರ್ಸಿ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಏನಪ್ಪಾ, ನಿನ್ನ ಹಾಲಿಡೇನ ಪೋರ್ಟ್‌ಲ್ಯಾಂಡಿಗೆ ಕಳಿಸಿಬಿಟ್ರಲ್ಲೋ" ಅಂದೆ.

ಸೀರೆ ಉಟ್ಟ ಆಂಟಿಯೊಬ್ಬಳು ಎನ್‌ಬಿಎ ಮಾತಾಡ್ತಿದ್ದಾಳಲ್ಲ ಅಂತ ಹುಡುಗ ಎರಡು ಕ್ಷಣ ಕಣ್ಣು ಬಿಟ್ಟು ನೋಡಿದ. ಆಮೇಲೆ ಭುಜ ಕುಣಿಸಿ, "ಲಗ್ಝುರಿ ಟ್ಯಾಕ್ಸ್ ಆಂಟಿ.. ಏನೂ ಮಾಡೋಕಾಗಲ್ಲ" ಅಂದ. ಮಳೆ ಬಂತು, ಲೋಕಲ್ ಲೇಟು, ಏನೂ ಮಾಡೋಕಾಗಲ್ಲ ಅಂತೀವಲ್ಲ, ಅದೇ ಧಾಟಿ.

ಪ್ರಸಾದ ತಗೊಂಡು ಮನೆಗೆ ಬಂದೆ. ಆದರೆ ಆ "ಏನೂ ಮಾಡೋಕಾಗಲ್ಲ" ಮಾತ್ರ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡು ಕೂತಿದೆ. ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಲೆಕ್ಕದ ಪುಸ್ತಕ ನೋಡಿದವಳು ನಾನು. ಅದಕ್ಕೂ ಮೊದಲು ಧಾರವಾಡದಲ್ಲಿ ಬಿಕಾಂ ಓದುವಾಗ ಕಾಲೇಜು ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡಿದವಳು. ಈಗಲೂ ಬೆಳಗ್ಗೆ ಕುಕ್ಕರ್ ಇಟ್ಟು, ಡಬ್ಬಿ ಕಟ್ಟುತ್ತಾ, ಒಂದು ಕಣ್ಣು ಅಮೆರಿಕದ ಮ್ಯಾಚಿನ ಮೇಲೆ ಇಟ್ಟುಕೊಂಡೇ ಟ್ರೈನಿಗೆ ಓಡೋದು. (ಅವರ ರಾತ್ರಿ ನಮ್ಮ ಬೆಳಗ್ಗೆ ಆಗಿರೋದು ನನ್ನ ಪುಣ್ಯ.) 2019ರ ಅಕ್ಟೋಬರಿನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ನಮ್ಮ ವರ್ಲಿಗೇ ಬಂದು ಎರಡು ಪ್ರದರ್ಶನ ಪಂದ್ಯ ಆಡಿ ಹೋದರು. ಆ ಕಿಂಗ್ಸ್ ತಂಡದ ಮಾಲೀಕ ವಿವೇಕ್ ರಣದಿವೆ ಹುಟ್ಟಿದ್ದೇ ಮುಂಬೈಯಲ್ಲಿ. ಹಾಗಾಗಿ "ಅಮೆರಿಕದ ಆಟ, ನಮಗ್ಯಾಕೆ" ಅನ್ನಬೇಡಿ. ನಮ್ಮ ಮಕ್ಕಳು ಆ ಜೆರ್ಸಿಗೆ ಸಾವಿರಾರು ರೂಪಾಯಿ ಕೊಡುತ್ತಿದ್ದಾರೆ. ಅದರ ಜೊತೆ ಬರುವ ಸುಳ್ಳನ್ನೂ ಕೊಳ್ಳಬೇಕಾಗಿಲ್ಲ.

ಹೌದು, ಸುಳ್ಳು ಅಂತಲೇ ಹೇಳುತ್ತಿದ್ದೇನೆ. ತೆರಿಗೆ ಇರೋದು ಸುಳ್ಳಲ್ಲ, ತೆರಿಗೆಯಿಂದಾಗಿ ಆಟಗಾರನನ್ನು ಬಿಡಲೇಬೇಕಾಯಿತು ಅನ್ನೋದು ಸುಳ್ಳು.

ಮೊದಲು ಈ ತೆರಿಗೆ ಏನು ಅಂತ ನೋಡೋಣ. ಹೆಸರು ಕೇಳಿದರೆ ಸರ್ಕಾರದ ತೆರಿಗೆ ಅನ್ನಿಸುತ್ತೆ, ಅಲ್ವಾ? ಅದರಲ್ಲಿ ಒಂದು ಡಾಲರೂ ಸರ್ಕಾರಕ್ಕೆ ಹೋಗಲ್ಲ! ಇದು ಎನ್‌ಬಿಎ ತನ್ನ ತಂಡಗಳಿಗೆ ತಾನೇ ಹಾಕುವ ದಂಡ. ಒಂದು ತಂಡ ತನ್ನ ಆಟಗಾರರಿಗೆ ಕೊಡುವ ಒಟ್ಟು ಸಂಬಳ ಒಂದು ಗೆರೆ ದಾಟಿದರೆ, ದಾಟಿದ ಮೊತ್ತಕ್ಕೆ ತಕ್ಕಂತೆ ಲೀಗಿಗೆ ಹಣ ಕಟ್ಟಬೇಕು. 2025-26ರ ಸೀಸನ್ನಿಗೆ ಆ ಗೆರೆ ಸುಮಾರು 187.9 ಮಿಲಿಯನ್ ಡಾಲರ್. ಒಂದು ಮಿಲಿಯನ್ ಅಂದರೆ ಹತ್ತು ಲಕ್ಷ, ಅಂದರೆ ನಮ್ಮ ಲೆಕ್ಕದಲ್ಲಿ ಸಾವಿರದ ಆರುನೂರು ಕೋಟಿ ರೂಪಾಯಿಗೂ ಮೇಲೆ.

ಈ ಗೆರೆ ಆಕಾಶದಿಂದ ಇಳಿದು ಬಂದದ್ದಲ್ಲ. 1998ರಲ್ಲಿ ಮಾಲೀಕರು ಲಾಕೌಟ್ ಘೋಷಿಸಿ, ಸೀಸನ್ನನ್ನು 50 ಪಂದ್ಯಕ್ಕೆ ಇಳಿಸಿ, 1999ರ ಜನವರಿಯಲ್ಲಿ ಆಟಗಾರರ ಸಂಘದಿಂದ ಸಹಿ ಹಾಕಿಸಿಕೊಂಡ ಒಪ್ಪಂದದಲ್ಲಿ ಇದು ಬಂತು. ನಮ್ಮ ಬ್ಯಾಂಕುಗಳ ದ್ವಿಪಕ್ಷೀಯ ಒಪ್ಪಂದದ ಹಾಗೇ ಅನ್ನಿ, ವ್ಯತ್ಯಾಸ ಇಷ್ಟೇ, ಅಲ್ಲಿ ಮುಷ್ಕರ ಮಾಡಿದ್ದು ಮಾಲೀಕರು! 2002-03ರಲ್ಲಿ ಮೊದಲ ವಸೂಲಿ. ಆಗ ಲೆಕ್ಕ ಸುಲಭವಿತ್ತು, ಗೆರೆ ದಾಟಿದ ಒಂದು ಡಾಲರಿಗೆ ಒಂದು ಡಾಲರ್ ದಂಡ. 2011ರಲ್ಲಿ ಇನ್ನೊಂದು ಲಾಕೌಟ್, ಇನ್ನೊಂದು ಒಪ್ಪಂದ. 2013-14ರಿಂದ ದರ ಮೆಟ್ಟಿಲು ಹತ್ತಿತು. ಮೊದಲ 5 ಮಿಲಿಯನ್ನಿಗೆ ಡಾಲರಿಗೆ ಒಂದೂವರೆ, ಮುಂದಿನ 5ಕ್ಕೆ 1.75, ಆಮೇಲೆ 2.50, ಆಮೇಲೆ 3.25, ಅಲ್ಲಿಂದ ಮೇಲೆ ಪ್ರತಿ 5 ಮಿಲಿಯನ್ನಿಗೆ ಇನ್ನೂ ಅರ್ಧರ್ಧ ಡಾಲರ್ ಹೆಚ್ಚು. ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಕಟ್ಟಿದ್ದರೆ ‘ರಿಪೀಟರ್’ ಅಂತ ಹಣೆಪಟ್ಟಿ, ಎಲ್ಲ ಮೆಟ್ಟಿಲಿನಲ್ಲೂ ಒಂದು ಡಾಲರ್ ಜಾಸ್ತಿ. 2023ರ ಒಪ್ಪಂದ ಬಂದ ಮೇಲೆ ಇನ್ನೂ ಬಿಗಿ. 2025-26ರಿಂದ ರಿಪೀಟರ್‌ಗಳಿಗೆ ಮೊದಲ ಮೆಟ್ಟಿಲೇ ಡಾಲರಿಗೆ ಮೂರು ಡಾಲರ್.

ಒಂದು ಲೆಕ್ಕ ಮಾಡೋಣ. 2013ರ ದರದಲ್ಲಿ, ಆಗಲೇ ಗೆರೆಗಿಂತ 15 ಮಿಲಿಯನ್ ಮೇಲಿರುವ ತಂಡ ಇನ್ನೊಬ್ಬ 10 ಮಿಲಿಯನ್ ಸಂಬಳದ ಆಟಗಾರನನ್ನು ಇಟ್ಟುಕೊಂಡರೆ ಮೊದಲ ಐದಕ್ಕೆ 3.25ರಂತೆ 16.25, ಮುಂದಿನ ಐದಕ್ಕೆ 3.75ರಂತೆ 18.75. ದಂಡವೇ 35, ಸಂಬಳ 10. ಹತ್ತು ಮಿಲಿಯನ್ನಿನ ಆಟಗಾರ ನಲವತ್ತೈದು ಮಿಲಿಯನ್ನಿಗೆ ಬಿದ್ದ! ಹಸು ಸಣ್ಣದು, ಹಗ್ಗ ದೊಡ್ಡದು. ಈ ಲೆಕ್ಕ ನೋಡಿದವರು "ಪಾಪ, ಮಾಲೀಕ ಏನು ಮಾಡ್ತಾನೆ, ಮಾರ್ತಾನೆ" ಅನ್ನೋದು ಸಹಜ. ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ಇದರ ಮುಂದಿನ ಪುಟ ಯಾರೂ ಓದಲ್ಲ. ಈ ದಂಡದ ಹಣ ಎಲ್ಲಿಗೆ ಹೋಗುತ್ತೆ? ಅದರಲ್ಲಿ ಅರ್ಧದವರೆಗೆ, ಗೆರೆಯ ಕೆಳಗಿರುವ ತಂಡಗಳಿಗೆ ಸಮನಾಗಿ ಹಂಚಿಕೆಯಾಗುತ್ತೆ. ಅಂದರೆ ಒಂದು ಡಾಲರ್ ಮೇಲಿದ್ದವನು ದಂಡ ಕಟ್ಟಬೇಕು, ಪಾಲೂ ಇಲ್ಲ. ಒಂದು ಡಾಲರ್ ಕೆಳಗೆ ಜಾರಿದವನಿಗೆ ದಂಡವೂ ಇಲ್ಲ, ಮೇಲಿಂದ ಪಾಲು! ಖರ್ಚು ಮಾಡದೆ ಇದ್ದದ್ದಕ್ಕೆ ಬಹುಮಾನ. ಇನ್ನೂ ಒಂದು ವಿಷಯ: ಸಂಬಳದ ಲೆಕ್ಕ ಹಿಡಿಯೋದು ಲೀಗ್ ಪಂದ್ಯಗಳ ಕೊನೆಯ ದಿನ. ಆಟಗಾರರನ್ನು ಅದಲುಬದಲು ಮಾಡಲು ಕೊನೆಯ ಗಡುವು ಫೆಬ್ರುವರಿಯಲ್ಲಿ. ಹಾಗಾಗಿ ಪ್ರತಿ ವರ್ಷ ಫೆಬ್ರುವರಿಯಲ್ಲಿ, ಗೆರೆಗಿಂತ ಸ್ವಲ್ಪ ಮೇಲಿರುವ ತಂಡಗಳು ಬೆಂಚಿನ ಮೇಲಿನ ಒಬ್ಬ ಆಟಗಾರನನ್ನು, ಜೊತೆಗೆ ಒಂದಿಷ್ಟು ನಗದು ಕೊಟ್ಟು, ಬೇರೆ ತಂಡದ ತಲೆಗೆ ಕಟ್ಟುತ್ತವೆ. ಹೀಗೆ ಹೋದವನನ್ನು ಎಷ್ಟೋ ಸಲ ಹೊಸ ತಂಡ ಆಡಿಸೋದೂ ಇಲ್ಲ, ಮರುದಿನವೇ ಕೈಬಿಡುತ್ತೆ.

ಬ್ಯಾಂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್ 31ರ ರಾತ್ರಿ ಠೇವಣಿ ಉಬ್ಬಿಸಿ ಏಪ್ರಿಲ್ 2ಕ್ಕೆ ಇಳಿಸೋದನ್ನು ನಾವು ‘ವಿಂಡೋ ಡ್ರೆಸ್ಸಿಂಗ್’ ಅಂತಿದ್ದೆವು. ಅಲ್ಲಿ ಅದನ್ನು ಜಾಣ ಆಡಳಿತ ಅಂತಾರೆ. ನಮ್ಮಲ್ಲಿ ಅತ್ತಿತ್ತ ಓಡಾಡುತ್ತಿದ್ದದ್ದು ಎಂಟ್ರಿ. ಅಲ್ಲಿ ಓಡಾಡೋದು ಮನುಷ್ಯರು, ಹೆಂಡತಿ ಮಕ್ಕಳ ಸಮೇತ. ಟ್ರಾನ್ಸ್‌ಫರ್ ಆರ್ಡರ್ ಕೈಗೆ ಬಂದ ದಿನ ಮನೆಯಲ್ಲಿ ಹೇಗಿರುತ್ತೆ ಅಂತ ಈ ಬ್ಲಾಗ್ ಓದುವ ಅರ್ಧ ಜನಕ್ಕೆ ಗೊತ್ತು.

ಈಗ ಒಂದು ಕಥೆ. ಸತ್ಯ ಕಥೆ.

ಫೀನಿಕ್ಸ್ ಸನ್ಸ್ ಅಂತ ಒಂದು ತಂಡ. 2004ರಲ್ಲಿ ಅದನ್ನು 401 ಮಿಲಿಯನ್ ಡಾಲರಿಗೆ ಕೊಂಡದ್ದು ರಾಬರ್ಟ್ ಸಾರ್ವರ್ ನೇತೃತ್ವದ ಗುಂಪು. ಈತ ವೃತ್ತಿಯಿಂದ ಬ್ಯಾಂಕರ್, ನಮ್ಮ ಕುಲಬಾಂಧವ! ತಂಡದಲ್ಲಿ ಸ್ಟೀವ್ ನ್ಯಾಶ್. 2005, 2006 ಎರಡು ವರ್ಷವೂ ಲೀಗಿನ ಅತ್ಯುತ್ತಮ ಆಟಗಾರ. ನೋಡಲು ಅಷ್ಟು ಚಂದದ ಆಟ ಆಡುತ್ತಿದ್ದ ತಂಡ ಆ ಕಾಲದಲ್ಲಿ ಇನ್ನೊಂದಿರಲಿಲ್ಲ. ಅವರಿಗೆ ಅಡ್ಡಗಾಲು ಒಂದೇ, ಸ್ಯಾನ್ ಆಂಟೋನಿಯೊ ಸ್ಪರ್ಸ್ ಮತ್ತು ಅದರ ಎತ್ತರದ ಆಟಗಾರ ಟಿಮ್ ಡಂಕನ್. ಆ ಡಂಕನ್ನನಿಗೆ ಮೈಕೊಟ್ಟು ನಿಲ್ಲಬಲ್ಲವನು ಸನ್ಸ್‌ನಲ್ಲಿ ಕರ್ಟ್ ಥಾಮಸ್. ದೊಡ್ಡ ಹೆಸರಲ್ಲ, ಕೆಲಸದ ಆಳು.

2007ರ ಜುಲೈನಲ್ಲಿ ಥಾಮಸ್‌ನನ್ನು ಸಿಯಾಟಲ್ ತಂಡಕ್ಕೆ ಕೊಟ್ಟುಬಿಟ್ಟರು. ಅವನ ಸಂಬಳ ಸುಮಾರು 8 ಮಿಲಿಯನ್, ಅಷ್ಟೇ ದಂಡ, ಒಟ್ಟು 16 ಉಳಿತಾಯ. ಬರೀ ಕೊಡಲಿಲ್ಲ, ತಗೊಂಡು ಹೋಗಿ ಅಂತ ಜೊತೆಗೆ 2008 ಮತ್ತು 2010ರ ತಮ್ಮ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನೂ ಕೊಟ್ಟರು. (ಪ್ರತಿ ವರ್ಷ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು ಅದು. ತಂಡದ ಬೀಜದ ಭತ್ತ ಅನ್ನಿ.) ವಾಪಸ್ ಬಂದದ್ದು ಷರತ್ತಿನ ಒಂದು ಎರಡನೇ ಸುತ್ತಿನ ಹಕ್ಕು, ಮತ್ತೊಂದು ‘ಟ್ರೇಡ್ ಎಕ್ಸೆಪ್ಷನ್’ ಅನ್ನೋ ಕಾಗದ.

ಮುಂದೇನಾಯಿತು? 2008ರ ಫೆಬ್ರುವರಿಯಲ್ಲಿ ಸಿಯಾಟಲ್ ಥಾಮಸ್‌ನನ್ನು ಮಾರಿತು. ಯಾರಿಗೆ? ಸ್ಯಾನ್ ಆಂಟೋನಿಯೊಗೇ! ಅದೇ ವರ್ಷ ಪ್ಲೇಆಫಿನ ಮೊದಲ ಸುತ್ತಿನಲ್ಲಿ ಸ್ಯಾನ್ ಆಂಟೋನಿಯೊ ಫೀನಿಕ್ಸ್‌ಅನ್ನು 4-1ರಲ್ಲಿ ಮನೆಗೆ ಕಳಿಸಿತು. ಸ್ಟೀವ್ ನ್ಯಾಶ್ ಒಂದೇ ಒಂದು ಫೈನಲ್ಸ್ ಆಡದೆ ನಿವೃತ್ತನಾದ. ಇನ್ನು ಬಿಟ್ಟುಕೊಟ್ಟ 2008ರ ಆ ಹಕ್ಕಿನಲ್ಲಿ ಸಿಯಾಟಲ್ ಆರಿಸಿಕೊಂಡದ್ದು ಸರ್ಜ್ ಇಬಾಕಾ ಅನ್ನೋ ಹುಡುಗನನ್ನು, ಲೀಗಿನ ಶ್ರೇಷ್ಠ ಶಾಟ್ ತಡೆಯುವವರಲ್ಲಿ ಒಬ್ಬ. ಹದಿನಾರು ಮಿಲಿಯನ್ ಉಳಿಸಲು ಹೋಗಿ ಒಂದು ಕಾಲವನ್ನೇ ಕಳಕೊಂಡರು.

ಕಥೆ ಇಲ್ಲಿಗೆ ಮುಗಿಯಲ್ಲ. ಸಿಯಾಟಲ್ ತಂಡವನ್ನು 2006ರಲ್ಲೇ ಒಕ್ಲಹೋಮಾದ ಕ್ಲೇ ಬೆನೆಟ್ ಗುಂಪು 350 ಮಿಲಿಯನ್ನಿಗೆ ಕೊಂಡಿತ್ತು. 2008ರಲ್ಲಿ ತಂಡವನ್ನು ಗಂಟುಮೂಟೆ ಕಟ್ಟಿ ಒಕ್ಲಹೋಮಾ ಸಿಟಿಗೆ ಒಯ್ದರು, ಹೆಸರು ‘ಥಂಡರ್’ ಆಯಿತು. ಇಬಾಕಾ ಅಲ್ಲಿ ಬೆಳೆದ. ಜೊತೆಗೆ ಕೆವಿನ್ ಡ್ಯುರಾಂಟ್, ರಸೆಲ್ ವೆಸ್ಟ್‌ಬ್ರೂಕ್, ಜೇಮ್ಸ್ ಹಾರ್ಡನ್. 2012ರಲ್ಲಿ ತಂಡ ಫೈನಲ್ಸ್ ತಲುಪಿ ಮಯಾಮಿಗೆ ಸೋತಿತು. ಆಗ ಡ್ಯುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್ ಮೂವರಲ್ಲಿ ಒಬ್ಬನಿಗೂ ಇಪ್ಪತ್ನಾಲ್ಕು ತುಂಬಿರಲಿಲ್ಲ. ಎಂಥ ಫಸಲು ನೋಡಿ!

ಆ ಆಗಸ್ಟ್‌ನಲ್ಲಿ ಇಬಾಕಾನಿಗೆ ನಾಲ್ಕು ವರ್ಷದ ದೊಡ್ಡ ಒಪ್ಪಂದ ಕೊಟ್ಟರು. ಉಳಿದವನು ಹಾರ್ಡನ್. ಆಗ ಸುದ್ದಿಯಲ್ಲಿ ಬಂದ ಲೆಕ್ಕದಂತೆ ತಂಡ ನಾಲ್ಕು ವರ್ಷಕ್ಕೆ ಸುಮಾರು 55 ಮಿಲಿಯನ್ ಕೊಡಲು ತಯಾರಿತ್ತು, ಅವನಿಗೆ ಸಿಗಬಹುದಾಗಿದ್ದ ಗರಿಷ್ಠ ಸುಮಾರು 60. ಅವನ ಹೊಸ ಸಂಬಳ ಶುರುವಾಗಬೇಕಿದ್ದ 2013-14ರಲ್ಲೇ ಆ ಮೆಟ್ಟಿಲು ದರವೂ ಶುರು. 2012ರ ಅಕ್ಟೋಬರ್ 27ರಂದು, ಸೀಸನ್ ಆರಂಭಕ್ಕೆ ಮೂರೇ ದಿನ ಮುಂಚೆ, ಹಾರ್ಡನ್‌ನನ್ನು ಹ್ಯೂಸ್ಟನ್ನಿಗೆ ಕೊಟ್ಟರು. ಬದಲಿಗೆ ಕೆವಿನ್ ಮಾರ್ಟಿನ್, ಜೆರಮಿ ಲ್ಯಾಂಬ್ ಮತ್ತು ಕೆಲವು ಡ್ರಾಫ್ಟ್ ಹಕ್ಕು. ಅದರಲ್ಲಿ ಒಂದರಿಂದ ಸ್ಟೀವನ್ ಆಡಮ್ಸ್ ಅನ್ನೋ ಒಳ್ಳೇ ಆಟಗಾರ ಸಿಕ್ಕಿದ, ಇಲ್ಲ ಅನ್ನಲ್ಲ. ಆದರೆ ಡ್ಯುರಾಂಟ್ 2014ರಲ್ಲಿ, ವೆಸ್ಟ್‌ಬ್ರೂಕ್ 2017ರಲ್ಲಿ, ಹಾರ್ಡನ್ 2018ರಲ್ಲಿ, ಹೀಗೆ ಮೂವರೂ ಲೀಗಿನ ಅತ್ಯುತ್ತಮ ಆಟಗಾರರಾದರು. ಒಂದೇ ಅಂಗಳದಲ್ಲಿ ಬೆಳೆದ ಮೂರು ಮರ! ಡ್ಯುರಾಂಟ್ 2016ರಲ್ಲಿ ಬಿಟ್ಟು ಹೋದ. ಆ ಮೂವರ ಕಾಲದಲ್ಲಿ ತಂಡ ಇನ್ನೊಂದು ಫೈನಲ್ಸ್ ಕಾಣಲಿಲ್ಲ.

"ಚಿಕ್ಕ ಊರು ಮೇಡಂ, ಅಷ್ಟು ದಂಡ ಕಟ್ಟೋಕೆ ಎಲ್ಲಿಂದ ತರ್ತಾರೆ" ಅಂತ ಕೇಳ್ತೀರಿ. ಸರಿ, ಪುಸ್ತಕ ತೆಗೆಯೋಣ.

ಬಿಕಾಂ ಮೊದಲ ವರ್ಷದಲ್ಲೇ ಮೇಷ್ಟ್ರು ಹೇಳಿಕೊಡುವ ಪಾಠ: ಲಾಭ-ನಷ್ಟದ ಖಾತೆ ಬೇರೆ, ಆಸ್ತಿ-ಹೊಣೆ ಪಟ್ಟಿ ಬೇರೆ. ವರ್ಷದ ಖರ್ಚು ಮೊದಲನೆಯದರಲ್ಲಿ, ಆಸ್ತಿ ಎಷ್ಟು ಬೆಳೆಯಿತು ಅನ್ನೋದು ಎರಡನೆಯದರಲ್ಲಿ. ಲಗ್ಝುರಿ ಟ್ಯಾಕ್ಸ್ ವರ್ಷದ ಖರ್ಚು. ಮಾಲೀಕರು ಅಭಿಮಾನಿಗೆ ತೋರಿಸೋದು ಆ ಪುಟ ಒಂದೇ. ಬ್ಯಾಲೆನ್ಸ್ ಶೀಟ್ ಕಪಾಟಿನಲ್ಲಿ.

ನಾನು ತೆಗೆದು ತೋರಿಸ್ತೀನಿ. ಫೀನಿಕ್ಸ್: 2004ರಲ್ಲಿ 401 ಮಿಲಿಯನ್. 2023ರ ಫೆಬ್ರುವರಿಯಲ್ಲಿ ಮ್ಯಾಟ್ ಇಷ್ಬಿಯಾಗೆ ಮಾರಿದಾಗ ಕಟ್ಟಿದ ಬೆಲೆ 4 ಬಿಲಿಯನ್, ಅಂದರೆ ನಾಲ್ಕು ಸಾವಿರ ಮಿಲಿಯನ್. ಬಾಸ್ಟನ್: 2002ರಲ್ಲಿ 360 ಮಿಲಿಯನ್. 2025ರಲ್ಲಿ ಬಿಲ್ ಚಿಸಮ್ ಗುಂಪು ಕೊಂಡದ್ದು 6.1 ಬಿಲಿಯನ್ ಬೆಲೆ ಕಟ್ಟಿ. ಎರಡನ್ನೂ ಕ್ಯಾಲ್ಕುಲೇಟರಿಗೆ ಹಾಕಿ ನೋಡಿದೆ, ಚಕ್ರಬಡ್ಡಿ ಲೆಕ್ಕದಲ್ಲಿ ಎರಡೂ ವರ್ಷಕ್ಕೆ ಹೆಚ್ಚುಕಡಿಮೆ ಶೇಕಡಾ 13. ಅದೂ ಡಾಲರಿನಲ್ಲಿ, ಇಪ್ಪತ್ತು ವರ್ಷದ ಆಸುಪಾಸು! ಯಾವ ಎಫ್‌ಡಿ ಕೊಡುತ್ತೆ ಸ್ವಾಮಿ? ಕರ್ಟ್ ಥಾಮಸ್ ಮೇಲೆ ಉಳಿಸಿದ 16 ಮಿಲಿಯನ್ ಅನ್ನೋದು ಆ ನಾಲ್ಕು ಸಾವಿರದಲ್ಲಿ ನೂರಕ್ಕೆ ಅರ್ಧವೂ ಅಲ್ಲ.

ಇನ್ನೊಂದು ತಮಾಷೆ. ಅಮೆರಿಕದ ಆದಾಯ ತೆರಿಗೆ ಕಾನೂನಿನಲ್ಲಿ ತಂಡ ಕೊಂಡವನು ಕೊಂಡ ಬೆಲೆಯ ಬಹುಪಾಲನ್ನು 15 ವರ್ಷಗಳಲ್ಲಿ ಸವಕಳಿ ಅಂತ ತೋರಿಸಬಹುದು. ಬೆಲೆ ಹತ್ತು ಪಟ್ಟು ಏರುತ್ತಿರುವ ಆಸ್ತಿಗೆ ಸವಕಳಿ! ನಮ್ಮ ಮೇಷ್ಟ್ರು ಇದ್ದಿದ್ದರೆ ಚಾಕ್‌ಪೀಸ್ ಎಸೆಯುತ್ತಿದ್ದರು. ಅಂದರೆ ಸರ್ಕಾರದ ನಿಜವಾದ ತೆರಿಗೆ ತಪ್ಪಿಸಲು ದಾರಿ ಇದೆ, ತಮ್ಮ ತಮ್ಮಲ್ಲೇ ಹಂಚಿಕೊಳ್ಳುವ ಸುಳ್ಳು ತೆರಿಗೆಯ ಹೆಸರಿನಲ್ಲಿ ಅಳಲು ದಾರಿಯೂ ಇದೆ.

ಹಾಗಾದರೆ ನಿಜವಾದ ತೆರಿಗೆ ಕಟ್ಟುವವರು ಯಾರು? ಇದೇ ನನ್ನ ಹೊಟ್ಟೆ ಉರಿಸಿದ್ದು. 2008ರ ಮಾರ್ಚ್‌ನಲ್ಲಿ, ತಂಡ ಇನ್ನೂ ಸಿಯಾಟಲ್‌ನಲ್ಲಿ ಇರುವಾಗಲೇ, ಒಕ್ಲಹೋಮಾ ಸಿಟಿಯ ಜನ ಮತ ಹಾಕಿ, ಕ್ರೀಡಾಂಗಣ ರಿಪೇರಿ ಮತ್ತು ತರಬೇತಿ ಕಟ್ಟಡಕ್ಕೆ ಅಂತ ಡಾಲರಿಗೆ ಒಂದು ಸೆಂಟಿನ ಮಾರಾಟ ತೆರಿಗೆ ಮುಂದುವರಿಸಲು ಒಪ್ಪಿದರು. ನಾಲ್ಕೇ ವರ್ಷಕ್ಕೆ ಹಾರ್ಡನ್ ಹೋದ, ದಂಡ ಜಾಸ್ತಿ ಅಂತ! 2023ರ ಡಿಸೆಂಬರಿನಲ್ಲಿ ಮತ್ತೆ ಮತದಾನ. ಕನಿಷ್ಠ 900 ಮಿಲಿಯನ್ ಡಾಲರಿನ ಹೊಸ ಕ್ರೀಡಾಂಗಣ, ಮತ್ತೆ ಅದೇ ಒಂದು ಸೆಂಟ್, ಆರು ವರ್ಷ. ತಂಡದ ಮಾಲೀಕರ ಪಾಲು 50 ಮಿಲಿಯನ್. ನೂರರಲ್ಲಿ ಎಪ್ಪತ್ತು ಜನ ಒಪ್ಪಿ ಮತ ಹಾಕಿದರು, ಒಪ್ಪದಿದ್ದರೆ ತಂಡ ಊರು ಬಿಡುತ್ತೆ ಅನ್ನೋ ಭಯ. ಸಿಯಾಟಲ್‌ನ ಗತಿ ಅವರು ನೋಡಿದ್ದರಲ್ಲ, ಆ ತಂಡ ಬಂದದ್ದೇ ಅವರ ಮನೆಗೆ. ಫೀನಿಕ್ಸ್ ನಗರಸಭೆ ಕೂಡ 2019ರಲ್ಲಿ ಕ್ರೀಡಾಂಗಣ ನವೀಕರಣಕ್ಕೆ 150 ಮಿಲಿಯನ್ ಕೊಟ್ಟಿತು.

ಅಂಗಡಿಗೆ ಹೋಗಿ ಸೋಪು ಕೊಂಡ ಅಜ್ಜಿ, ಟಿಕೆಟ್ ಕೊಳ್ಳಲು ಶಕ್ತಿ ಇಲ್ಲದ ಅಜ್ಜಿ, ಒಂದು ಸೆಂಟ್ ಕಟ್ಟುತ್ತಾಳೆ. ಅವಳಿಗೆ "ಏನೂ ಮಾಡೋಕಾಗಲ್ಲ" ಅನ್ನುವ ಹಕ್ಕಿದೆ. ಬಿಲಿಯನ್ ಆಸ್ತಿಯ ಮಾಲೀಕನಿಗೆ ಆ ಹಕ್ಕಿಲ್ಲ.

ಈಗ ಎದುರು ವಾದಗಳು. ನ್ಯಾಯವಾಗಿ ನೋಡೋಣ.

ಒಂದು, "ದಂಡ ಇಲ್ಲದಿದ್ದರೆ ದೊಡ್ಡ ಊರಿನ ಸಾಹುಕಾರರು ಎಲ್ಲ ಒಳ್ಳೇ ಆಟಗಾರರನ್ನೂ ಕೊಂಡುಬಿಡ್ತಾರೆ." ಒಪ್ಪುತ್ತೇನೆ, ಒಂದು ತಡೆ ಬೇಕು. ಆದರೆ ಹಾರ್ಡನ್‌ನನ್ನು ಒಕ್ಲಹೋಮಾ ಕೊಂಡು ತಂದದ್ದಲ್ಲ, ಡ್ರಾಫ್ಟಿನಲ್ಲಿ ಆರಿಸಿ ಬೆಳೆಸಿದ್ದು. ಚಿಕ್ಕ ಊರನ್ನು ಕಾಯಲು ಅಂತ ಬಂದ ನಿಯಮ ಚಿಕ್ಕ ಊರಿನ ಬೆಳೆಯನ್ನೇ ಕೊಯ್ದಿತು. ಸ್ವಂತ ಬೆಳೆಸಿದ ಆಟಗಾರನ ಸಂಬಳಕ್ಕೆ ರಿಯಾಯಿತಿ ಕೊಡಲು ಏನು ಅಡ್ಡಿ?

ಎರಡು, "ಆಸ್ತಿ ಬೆಲೆ ಏರಿದರೆ ಕೈಗೆ ನಗದು ಬರುತ್ತಾ?" ಈ ಪ್ರಶ್ನೆ ಬ್ಯಾಂಕಿನವಳಿಗೇ ಕೇಳ್ತೀರಲ್ಲ! ಬೆಲೆ ಏರುವ ಆಸ್ತಿ ಇರುವವನಿಗೆ ಸಾಲ ಕೊಡಲು ಬ್ಯಾಂಕುಗಳು ಬಾಗಿಲಲ್ಲಿ ನಿಂತಿರುತ್ತವೆ. ಸಾಲ ಬೇಡವಾ, ಒಂದು ಪಾಲು ಮಾರಲಿ. ಜೊತೆಗೆ 2025-26ರಿಂದ ಲೀಗಿನ ಹೊಸ ಟಿವಿ ಒಪ್ಪಂದ, 11 ವರ್ಷಕ್ಕೆ ಸುಮಾರು 76 ಬಿಲಿಯನ್ ಡಾಲರ್. ನಗದಿಗೆ ಬರವಿಲ್ಲ.

ಮೂರು, "ದಂಡ ಕಟ್ಟಿದವರೆಲ್ಲ ಗೆಲ್ತಾರಾ?" ಇಲ್ಲ. ಸಾರ್ವರ್ ನಂತರ ಬಂದ ಇಷ್ಬಿಯಾ ಮನೆ ಸಾಲದ ವ್ಯಾಪಾರದವನು, ಅದೂ ನಮ್ಮ ಓಣಿಯವನೇ! ಆತ ಕೈ ಬಿಚ್ಚಿ ಸುರಿದ. 2024-25ರಲ್ಲಿ ಫೀನಿಕ್ಸ್ ನೂರೈವತ್ತು ಮಿಲಿಯನ್ನಿನ ಆಸುಪಾಸು ದಂಡ ಕಟ್ಟಿ, 36 ಗೆದ್ದು 46 ಸೋತು, ಪ್ಲೇಆಫಿಗೂ ಬರಲಿಲ್ಲ. ಹಣ ಕೊಟ್ಟರೆ ಕಪ್ ಬರುತ್ತೆ ಅಂತ ನಾನು ಹೇಳಿಲ್ಲ. ಆದರೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ 2021-22ರಲ್ಲಿ 170 ಮಿಲಿಯನ್ ದಂಡ ಕಟ್ಟಿ ಚಾಂಪಿಯನ್ ಆಯಿತು. 2010ರಲ್ಲಿ 450 ಮಿಲಿಯನ್ನಿಗೆ ಕೊಂಡ ತಂಡ ಅದು, ಕ್ರೀಡಾಂಗಣವನ್ನೂ ಖಾಸಗಿ ಹಣದಲ್ಲೇ ಕಟ್ಟಿದರು. ದಂಡ ಕಟ್ಟಿದ ಮಾಲೀಕರು ಬೀದಿಗೇನೂ ಬರಲಿಲ್ಲ. ಅಂದರೆ ಕಟ್ಟೋದು, ಬಿಡೋದು ಎರಡೂ ಅವರ ಆಯ್ಕೆ. ಆಯ್ಕೆಯನ್ನು ವಿಧಿ ಅಂತ ಮಾರಬೇಡಿ ಅನ್ನೋದಷ್ಟೇ ನನ್ನ ತಕರಾರು.

ನಾಲ್ಕನೆಯದು ಗಟ್ಟಿ ವಾದ. 2023ರ ಒಪ್ಪಂದದಲ್ಲಿ ದಂಡದ ಗೆರೆಗಿಂತ ಮೇಲೆ ‘ಸೆಕೆಂಡ್ ಏಪ್ರನ್’ ಅಂತ ಇನ್ನೊಂದು ಗೆರೆ ಬಂದಿದೆ. 2025-26ರಲ್ಲಿ ಅದು ಸುಮಾರು 207.8 ಮಿಲಿಯನ್. ಅದನ್ನು ದಾಟಿದವರು ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ವ್ಯವಹಾರದಲ್ಲಿ ನಗದು ಕೊಡುವಂತಿಲ್ಲ, ಏಳು ವರ್ಷ ಮುಂದಿನ ಡ್ರಾಫ್ಟ್ ಹಕ್ಕನ್ನೂ ಮಾರುವಂತಿಲ್ಲ. ಇದು ಹಣದ ಮಾತಲ್ಲ, ಕೈಕಾಲು ಕಟ್ಟುವ ಮಾತು. ನಮ್ಮ ಹುಡುಗನ ಬಾಸ್ಟನ್ ಸಿಕ್ಕಿಬಿದ್ದದ್ದು ಇಲ್ಲಿ. 2024ರ ಚಾಂಪಿಯನ್. 2025ರ ಮೇ ತಿಂಗಳಲ್ಲಿ ಜೇಸನ್ ಟೇಟಮ್‌ಗೆ ಹಿಮ್ಮಡಿಯ ಸ್ನಾಯು ಹರಿಯಿತು. ಇದ್ದ ತಂಡವನ್ನು ಹಾಗೇ ಇಟ್ಟುಕೊಂಡಿದ್ದರೆ ಸಂಬಳ, ದಂಡ ಕೂಡಿ 500 ಮಿಲಿಯನ್ ದಾಟುತ್ತಿತ್ತು ಅಂತ ಅಂದಾಜು. ಹಾಲಿಡೇನ ಪೋರ್ಟ್‌ಲ್ಯಾಂಡಿಗೆ, ಪೋರ್ಜಿಂಗಿಸ್‌ನನ್ನು ಅಟ್ಲಾಂಟಾಗೆ ಕೊಟ್ಟರು. ತಂಡದ ಮುಖ್ಯಸ್ಥ ಬ್ರಾಡ್ ಸ್ಟೀವನ್ಸ್ ಸೆಕೆಂಡ್ ಏಪ್ರನ್ನೇ ಕಾರಣ ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ಆ ಸೆಕೆಂಡ್ ಏಪ್ರನ್ ಬರೆದವರು ಯಾರು? ಮಾಲೀಕರ ಪರವಾಗಿ ಮೇಜಿನ ಒಂದು ಬದಿಯಲ್ಲಿ ಕೂತ ಲೀಗೇ. ಖರ್ಚು ಮಾಡಲು ಮನಸ್ಸಿರುವ ಜೊತೆಗಾರನನ್ನು ಹಿಡಿದಿಡಲು ಬೇರೆ ಮಾಲೀಕರು ಹಾಕಿಕೊಂಡ ಬೇಲಿ ಅದು. ಬೇಲಿ ತಾವೇ ಹಾಕಿ, "ನೋಡಿ, ಬೇಲಿ ಇದೆ, ದಾಟಲಾಗಲ್ಲ" ಅಂದರೆ?

ಇಷ್ಟು ಖಾರವಾಗಿ ಬರೆಯಲು ನನಗೊಂದು ಕಾರಣವಿದೆ. ಇಷ್ಟು ದಿನ ಯಾರ ಹತ್ತಿರವೂ ಹೇಳಿರಲಿಲ್ಲ.

ಬಹಳ ವರ್ಷಗಳ ಹಿಂದೆ ನಾನು ಇದ್ದ ಬ್ಯಾಂಕಿಗೆ (ಹೆಸರು ಬೇಡ ಬಿಡಿ) ಒಂದು ಬಾಸ್ಕೆಟ್‌ಬಾಲ್ ತಂಡವಿತ್ತು. ಸ್ಪೋರ್ಟ್ಸ್ ಕೋಟಾದಲ್ಲಿ ಬಂದ ಹುಡುಗರು, ಬೆಳಗ್ಗೆ ಕೌಂಟರ್, ಸಂಜೆ ಕೋರ್ಟ್. ನಾನು ಆಗ ಆಡಳಿತ ಕಚೇರಿಯಲ್ಲಿ. ಒಂದು ದಿನ ಮೇಲಿನವರು ಕರೆದು, "ತಂಡದ ಖರ್ಚಿನ ಮೇಲೆ ಒಂದು ನೋಟ್ ಹಾಕಿ, ಮುಂದುವರಿಸಲು ಕಷ್ಟ ಅನ್ನೋ ಹಾಗೆ" ಅಂದರು. ಹಾಕಿದೆ. ಪ್ರಯಾಣ ಭತ್ಯೆ, ಶೂ, ಕೋಚ್ ಸಂಭಾವನೆ, ಪಂದ್ಯಕ್ಕೆ ಹೋದ ದಿನಗಳ ಸಂಬಳ ಎಲ್ಲ ಕೂಡಿಸಿ ಕೆಳಗೆ ಎರಡು ಗೆರೆ ಎಳೆದೆ. ಮೊತ್ತ ದೊಡ್ಡದಾಗಿಯೇ ಕಂಡಿತು. ಪಕ್ಕದಲ್ಲಿ ಹೋಲಿಸಲು ಏನೂ ಬರೆಯದಿದ್ದರೆ ಯಾವ ಮೊತ್ತವೂ ದೊಡ್ಡದಾಗೇ ಕಾಣುತ್ತೆ. ಅದೇ ವರ್ಷ ಗೆಸ್ಟ್ ಹೌಸಿನ ಸೋಫಾ, ಪರದೆ ಬದಲಿಸಿದ ಬಿಲ್ಲು ಅದಕ್ಕಿಂತ ಜಾಸ್ತಿ ಇತ್ತು. ಅದನ್ನೂ ಪಾಸ್ ಮಾಡಿದ್ದು ನಾನೇ.

ಹೊಸ ನೇಮಕ ನಿಂತಿತು, ಎರಡು ವರ್ಷದಲ್ಲಿ ತಂಡವೂ ನಿಂತಿತು. ತಂಡದ ನಾಯಕ ಒಂದು ದಿನ ನನ್ನ ಟೇಬಲ್ಲಿಗೆ ಬಂದು, "ಏನಾದರೂ ಮಾಡಬಹುದಾ ಮೇಡಂ?" ಅಂತ ಕೇಳಿದ. ನಾನು ಹೇಳಿದ್ದೇನು ಗೊತ್ತಾ? "ಖರ್ಚು ಜಾಸ್ತಿ ಆಯ್ತಪ್ಪ, ಏನೂ ಮಾಡೋಕಾಗಲ್ಲ."

ಅದಕ್ಕೇ ಆ ಮಾತು ಗಣಪತಿ ಮುಂದೆ ಆ ಹುಡುಗನ ಬಾಯಲ್ಲಿ ಕೇಳಿದಾಗ ಮುಳ್ಳಾಯಿತು. ಆ ಮಾತನ್ನು ಯಾರು, ಎಲ್ಲಿ ಕೂತು, ಹೇಗೆ ತಯಾರು ಮಾಡ್ತಾರೆ ಅಂತ ನನಗೆ ಗೊತ್ತು. ಮೊದಲು ತೀರ್ಮಾನ, ಆಮೇಲೆ ಅಂಕಿ.

ಹಾಗಾದರೆ ಏನಾಗಬೇಕು? ನನ್ನ ಪ್ರಕಾರ ಮೂರು. ಜನರ ತೆರಿಗೆಯಲ್ಲಿ ಕ್ರೀಡಾಂಗಣ ಕಟ್ಟಿಸಿಕೊಂಡ ತಂಡ ತನ್ನ ಲೆಕ್ಕಪತ್ರ ಆ ಊರಿನ ಮುಂದೆ ತೆರೆದಿಡಬೇಕು, ನಮ್ಮ ಹೌಸಿಂಗ್ ಸೊಸೈಟಿಯೇ ವರ್ಷಕ್ಕೊಮ್ಮೆ ಇಡುತ್ತೆ. ದಂಡದ ಹಣದಲ್ಲಿ ಮಾಲೀಕರಿಗೆ ಹಂಚುವ ಅರ್ಧ ನಿಲ್ಲಬೇಕು, ಅದು ಆ ಊರುಗಳ ಕ್ರೀಡಾಂಗಣದ ಸಾಲಕ್ಕೆ ಹೋಗಲಿ. ಸ್ವಂತ ಡ್ರಾಫ್ಟಿನಲ್ಲಿ ಬೆಳೆಸಿದ ಆಟಗಾರನ ಸಂಬಳದಲ್ಲಿ ಒಂದು ಭಾಗವನ್ನಾದರೂ ದಂಡದ ಲೆಕ್ಕದಿಂದ ಹೊರಗಿಡಬೇಕು.

ಒಕ್ಲಹೋಮಾ ಕೊನೆಗೂ 2025ರಲ್ಲಿ ಚಾಂಪಿಯನ್ ಆಯಿತು, ಹಾರ್ಡನ್ ಹೋದ ಹದಿಮೂರನೇ ವರ್ಷಕ್ಕೆ. ಆ ಬೇಸಿಗೆಯಲ್ಲೇ ತನ್ನ ಮೂವರು ಎಳೆಯ ತಾರೆಯರಿಗೂ, ಶೇ ಗಿಲ್ಜಸ್-ಅಲೆಕ್ಸಾಂಡರ್, ಜೇಲನ್ ವಿಲಿಯಮ್ಸ್, ಚೆಟ್ ಹೋಮ್‌ಗ್ರೆನ್, ದೊಡ್ಡ ಒಪ್ಪಂದಗಳಿಗೆ ಸಹಿ ಹಾಕಿತು. ಬೇಲಿ ಇದ್ದರೂ ಹಾಕಿತು. ಅಂದರೆ ಮಾಡೋಕಾಗುತ್ತೆ! ಆ ಸಂಬಳಗಳ ಪೂರ್ತಿ ಭಾರ ಬೀಳುವ ವರ್ಷ ಮೂವರನ್ನೂ ಇಟ್ಟುಕೊಳ್ತಾರಾ, ಇಲ್ಲ 2012ರ ಹಳೇ ನೋಟ್ ಶೀಟನ್ನೇ ದಿನಾಂಕ ಬದಲಿಸಿ ಹೊರಡಿಸ್ತಾರಾ ಅಂತ ನೋಡಬೇಕು. ಒಂದು ಸೆಂಟ್ ಕಟ್ಟುವ ಆ ಅಜ್ಜಿಯ ಪರವಾಗಿ ನಾನಂತೂ ಕುಕ್ಕರ್ ಪಕ್ಕ ಕೂತು ಕಾಯ್ತಿದ್ದೀನಿ.

ಆ ಹಸಿರು ಜೆರ್ಸಿ ಹುಡುಗನಿಗೆ ಒಂದು ಮಾತು. ಮರಿ, ಮುಂದಿನ ಸಲ ಯಾರಾದರೂ "ಟ್ಯಾಕ್ಸ್, ಏನೂ ಮಾಡೋಕಾಗಲ್ಲ" ಅಂದರೆ, ತಂಡ ಕೊಂಡದ್ದು ಎಷ್ಟಕ್ಕೆ, ಈಗ ಅದರ ಬೆಲೆ ಎಷ್ಟು ಅಂತ ಎರಡೇ ಪ್ರಶ್ನೆ ಕೇಳು. ತಂಡದವರನ್ನೇ ಅಲ್ಲ, ನಿನ್ನ ಆಫೀಸಿನಲ್ಲೂ ಕೇಳು.

ನನ್ನನ್ನು ಆವತ್ತು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು. ನೀವೇನಂತೀರಿ?